ಬ್ಲಾಸಿದಾಳ ಹಿಮ

"ಕಳುಹಿಸಿ" ಎಂಬ ಹಸಿರು ಗುಂಡಿಯನ್ನು ನಿಮಿಯಾ ಏಳನೆಯ ಸಲ ಒತ್ತಿದಳು. ಏನೂ ಆಗಲಿಲ್ಲ. ಗುಂಡಿಯ ಮೇಲೆ ಹಿಮ ಬೀಳುತ್ತಲೇ ಇತ್ತು.

ಪರದೆಯ ಮೇಲ್ತುದಿಯಿಂದ ಬಿಳಿಯ ಚುಕ್ಕೆಗಳು ಯಾವ ಆತುರವೂ ಇಲ್ಲದೆ ಇಳಿದು, ಅರ್ಜಿಯಲ್ಲಿದ್ದ ಅವಳ ಹೆಸರನ್ನೂ ಇತಾಉಗ್ವಾ ಎಂಬ ಊರಿನ ಹೆಸರನ್ನೂ ಅವಳು ಹೆಣೆದ ಕಸೂತಿಯ ಚಿತ್ರವನ್ನೂ ಹಾದು ಕೆಳಗೆಲ್ಲೋ ಕರಗುತ್ತಿದ್ದವು. ಇಲ್ಲಿ ಡಿಸೆಂಬರ್ ಎಂದರೆ ಬೇಸಿಗೆ; ಹೊರಗೆ ನಲವತ್ತು ಡಿಗ್ರಿ ಬಿಸಿಲು. ಹೋದ ಕ್ರಿಸ್‌ಮಸ್ಸಿಗೆ ತಂಗಿ ಬ್ಲಾಸಿದಾ ಈ ಹಿಮವನ್ನು ಬ್ರೌಸರಿಗೆ ಹಾಕಿದ್ದಳು. ನಿಜವಾದ ಹಿಮವನ್ನು ಇಬ್ಬರೂ ಕಂಡವರಲ್ಲ. ಹಬ್ಬ ಮುಗಿದರೂ ಅದನ್ನು ನಿಲ್ಲಿಸಲು ತಂಗಿಗೆ ಮನಸ್ಸಾಗಲಿಲ್ಲ. ಆಗಸ್ಟಿನಲ್ಲಿ ಬ್ಲಾಸಿದಾ ತೀರಿಕೊಂಡಳು. ಆಮೇಲೆ ಎಷ್ಟೋ ದಿನ ಬೆಳಗ್ಗೆ ನಿಮಿಯಾ ಯಾವುದಾದರೊಂದು ಪುಟ ತೆರೆದು, ಒಂದಕ್ಷರವನ್ನೂ ಓದದೆ, ಬೀಳುವುದನ್ನಷ್ಟೇ ನೋಡುತ್ತ ಕೂರುತ್ತಿದ್ದಳು. ಆಗ ಪಕ್ಕದ ಕುರ್ಚಿಯಲ್ಲಿ ಯಾರೋ ಮೆಲ್ಲಗೆ ಉಸಿರಾಡುತ್ತಿದ್ದಂತೆ ಅನ್ನಿಸುತ್ತಿತ್ತು.

ಅರ್ಜಿ ರಾಜಧಾನಿಯಲ್ಲಿ ನಡೆಯುವ ಕಸೂತಿ ಪ್ರದರ್ಶನದ್ದು. ಅದರ ಕಚೇರಿಗೆ ಫೋನು ಮಾಡಿದ್ದಾಗಿತ್ತು. "ಬ್ರೌಸರಲ್ಲಿ ಆಡ್-ಆನ್ ಅಂತ ಮೇಲಿಂದ ಹಾಕ್ಕೊಂಡಿದ್ದು ಏನಾದ್ರೂ ಇದ್ಯಾ ಅಮ್ಮಾ? ಒಂದೊಂದಾಗಿ ಆಫ್ ಮಾಡಿ ನೋಡಿ. ಹನ್ನೆರಡು ಗಂಟೆಗೆ ಅರ್ಜಿ ಮುಚ್ಚುತ್ತೆ," ಎಂದಿದ್ದ ಅಲ್ಲಿನವನು. ಇಪ್ಪತ್ತು ವರ್ಷ ಅಕ್ಕತಂಗಿಯರ ಕಸೂತಿ ಹೆದ್ದಾರಿಯ ಅಂಗಡಿಗಳಲ್ಲಿ ಹೆಸರಿಲ್ಲದೆ ತೂಗಾಡಿತ್ತು. ಈ ಸಲ ನಿಮಿಯಾ ತನ್ನ ಹೆಸರು ಬರೆದಿದ್ದಳು.

"ಏನೇ ಇದು, ಹನ್ನೊಂದೂವರೆ ಆಯ್ತು!" ದೊಡ್ಡಪ್ಪನ ಮಗಳು ತೊಮಾಸಾ ತಣ್ಣೀರಿನಲ್ಲಿ ಎಲೆ ನೆನೆಸಿದ ತೆರೆರೆ ಕಷಾಯ ತುಂಬಿದ ಕೊಂಬಿನ ಬಟ್ಟಲನ್ನು ಅವಳ ಕೈಗಿತ್ತು, ಪರದೆ ಕಾಣುವಂತೆ ಓರೆಯಾಗಿ ಕೂತಳು.

ನಿಮಿಯಾ ಒಂದು ಗುಟುಕು ಹೀರಿ ಬಟ್ಟಲು ಹಿಂದಿರುಗಿಸಿದಳು. ಆಡ್-ಆನ್‌ಗಳ ಪಟ್ಟಿಯಲ್ಲಿದ್ದ ಒಂದೊಂದನ್ನೇ ಆಫ್ ಮಾಡುತ್ತ ಬಂದಳು. ರೇಡಿಯೊ ಹೋಯಿತು. ಅಡುಗೆಯ ಪುಟಗಳನ್ನು ಕೂಡಿಡುವುದು ಹೋಯಿತು. ಅಕ್ಷರ ದೊಡ್ಡದು ಮಾಡುವುದನ್ನು ಆಫ್ ಮಾಡಿದಾಗ ಅರ್ಜಿಯ ಅಕ್ಷರಗಳೆಲ್ಲ ಇರುವೆಗಳಾದವು. ಪ್ರತಿ ಸಲವೂ ಗುಂಡಿ ಒತ್ತಿದಳು. ಗುಂಡಿ ಜಪ್ಪಯ್ಯ ಅನ್ನಲಿಲ್ಲ.

"ಸುತ್ತಮುತ್ತ ಇರೋದನ್ನೆಲ್ಲ ಆಫ್ ಮಾಡ್ದೆ, ಆ ಹಿಮ ಒಂದನ್ನ ಬಿಟ್ಟು," ಎಂದಳು ತೊಮಾಸಾ.

"ಅದು ಹೋಗ್ಬಿಟ್ರೆ ಮತ್ತೆ ಹಾಕೋಕೆ ನಂಗೆ ಬರಲ್ಲ ಅಕ್ಕ."

"ಹೋಗೋದೆಲ್ಲಿಗೆ? ಅವನು ಆಫ್ ಮಾಡು ಅಂದ, ಕಿತ್ತುಹಾಕು ಅನ್ಲಿಲ್ಲ. ಕಿತ್ತುಹಾಕೋದು ಪಕ್ಕದಲ್ಲಿ ಬೇರೆ ಇದೆ ನೋಡು. ಅದನ್ನ ಮುಟ್ಬೇಡ ಅಷ್ಟೆ."

ಪರದೆಯಲ್ಲಿ ನಿಮಿಯಾಳ ಹೆಸರಿನ ಮೇಲೆ ಒಂದು ಚುಕ್ಕೆ ತೇಲಿ ಬಂತು.

"ನಿನ್ನ ತಂಗಿ ಬದುಕಿದ್ದಾಗ್ಲೂ ಹೀಗೇ," ತೊಮಾಸಾ ಬಟ್ಟಲಿಗೆ ಮತ್ತೆ ನೀರೆರೆದಳು. "ಯಾರೇ ಬಂದ್ರೂ ಬಾಗಿಲಿಗೆ ಅಡ್ಡ ನಿಂತ್ಕೊಂಡೇ ಮಾತು. ಒಳಗೆ ಬರೋಕೂ ಬಿಡ್ತಿರ್ಲಿಲ್ಲ, ಹೊರಗೆ ಹೋಗೋಕೂ ಬಿಡ್ತಿರ್ಲಿಲ್ಲ. ಈಗ ನೋಡು, ಇಲ್ಲೂ ಅಡ್ಡ ನಿಂತಿದಾಳೆ ಮಾರಾಯ್ತಿ!"

ನಿಮಿಯಾಳಿಗೆ ತಡೆಯಲಾರದಷ್ಟು ನಗು ಬಂತು. ಆಗಸ್ಟಿನಿಂದೀಚೆಗೆ ತಾನು ಹೀಗೆ ನಕ್ಕಿರಲಿಲ್ಲ ಎಂಬುದು ನಗುತ್ತಿರುವಾಗಲೇ ಹೊಳೆಯಿತು. ಕಣ್ಣೊರೆಸಿಕೊಂಡು, ಪಟ್ಟಿಯಲ್ಲಿ ಹಿಮದ ಹೆಸರಿನ ಮುಂದಿದ್ದ ಪುಟ್ಟ ನೀಲಿ ಸ್ವಿಚ್ಚನ್ನು ಒತ್ತಿದಳು. ಅದು ಬೂದು ಬಣ್ಣಕ್ಕೆ ತಿರುಗಿತು. ಅರ್ಜಿಯ ಪುಟವನ್ನು ಹೊಸದಾಗಿ ತೆರೆದಳು.

ಪುಟ ನಿಶ್ಚಲವಾಗಿತ್ತು. ಮನೆಯಲ್ಲಿ ತಟ್ಟನೆ ಸದ್ದಡಗಿದಂತಾಯಿತು. ಆದರೆ ಹಿಮಕ್ಕೆ ಮೊದಲೂ ಸದ್ದೇ ಇರಲಿಲ್ಲ. ಎಲ್ಲವನ್ನೂ ಮತ್ತೆ ತುಂಬಿದಳು. ಕಸೂತಿಯ ಚಿತ್ರ ಇಷ್ಟು ನಿಚ್ಚಳವಾಗಿ ಕಂಡದ್ದು ಇದೇ ಮೊದಲು. ಅಂಚಿನಲ್ಲಿ ಒಂದು ಎಳೆ ಸಡಿಲವಾಗಿದ್ದುದೂ ಕಂಡಿತು. ಇರಲಿ ಎಂದುಕೊಂಡು ಗುಂಡಿ ಒತ್ತಿದಳು.

"ನಿಮಿಯಾ ಓವೆಲಾರ್, ನಿಮ್ಮ ಅರ್ಜಿ ತಲುಪಿದೆ," ಎಂದು ತೊಮಾಸಾ ಕಣ್ಣು ಕಿರಿದು ಮಾಡಿ ಗಟ್ಟಿಯಾಗಿ ಓದಿದಳು. "ಸರಿ, ಈಗ ಹಾಕ್ಕೋ ನಿನ್ನ ಹಿಮ."

ನಿಮಿಯಾ ಸ್ವಿಚ್ಚಿನತ್ತ ಬೆರಳು ಚಾಚಿ, ಹಿಂದೆಗೆದುಕೊಂಡಳು.

"ಜುಲೈ ಚಳಿ ಬರ್ಲಿ ಅಕ್ಕ," ಎಂದಳು. "ಈ ಸೆಕೆಗೆ ಯಾರಾದ್ರೂ ಹಿಮ ಬೀಳಿಸ್ತಾರಾ?"

ಎದ್ದು ಹೋಗಿ ಕಿಟಕಿ ತೆರೆದಳು. ಯಾರೋ ಹೆಂಗಸು ಕ್ರಿಸ್‌ಮಸ್ ಹಬ್ಬದ ಗೋದಲಿಯ ಅಲಂಕಾರಕ್ಕೆಂದು ತಾಳೆಯ ಹಳದಿ ಹೂಗೊಂಚಲನ್ನು ಹೆಗಲ ಮೇಲೆ ಹೊತ್ತು ಬೀದಿಯಲ್ಲಿ ನಡೆದಿದ್ದಳು. ಅವಳು ತಿರುವಿನಲ್ಲಿ ಮರೆಯಾದ ಮೇಲೂ ಆ ಹೂವಿನ ಪರಿಮಳ ಒಳಗೆ ಬರುತ್ತಲೇ ಇತ್ತು.