ಉಲ್ಲನ್ ಅಂಗಡಿಯ ಸೇಸಮ್ಮ

ಸೇಸಮ್ಮನವರು ಮನುಷ್ಯರ ಮುಖ ನೋಡುತ್ತಿರಲಿಲ್ಲ, ಹೆಗಲು ನೋಡುತ್ತಿದ್ದರು. ಹಾದಿಯಲ್ಲಿ ಎದುರಾದವರು ನಮಸ್ಕಾರ ಹೇಳಿದರೆ ಅವರ ದೃಷ್ಟಿ ಮೊದಲು ಎಡಭುಜಕ್ಕೆ, ಅಲ್ಲಿಂದ ಎದೆಯನ್ನು ದಾಟಿ ಬಲಭುಜಕ್ಕೆ ಹೋಗಿ, ತೋಳಿನ ಉದ್ದವನ್ನು ಅಳೆದು, ಆಮೇಲೆ ಪುರುಸೊತ್ತಿದ್ದರೆ ಮುಖಕ್ಕೆ ಬರುತ್ತಿತ್ತು. ಹೈಸ್ಕೂಲಿನ ಕನ್ನಡ ಪಂಡಿತನಾಗಿ ನಾನು ಹೆಂಡತಿಯೊಡನೆ ಮೂಡುಬಿದಿರೆಗೆ ಬಂದು, ಅವರ ಅಂಗಡಿಯ ಮೇಲಿನ ಕೋಣೆಯನ್ನು ಬಾಡಿಗೆಗೆ ಹಿಡಿದ ದಿನ, ನನ್ನ ಹೆಸರು, ಕುಲ, ಗೋತ್ರ ಯಾವುದನ್ನೂ ಕೇಳದೆ, "ನಿಮ್ಮ ಬಲದ ಹೆಗಲು ಸ್ವಲ್ಪ ಇಳಿದಿದೆ ಮಾಷ್ಟ್ರೇ, ಪುಸ್ತಕದ ಚೀಲ ಆಚೆ ಬದಿಗೆ ಹಾಕಿ ನೋಡಿ" ಎಂದರು. ಕಾವ್ಯನಾಯಕರ ಆಜಾನುಬಾಹುತ್ವವನ್ನು ವರ್ಷಗಟ್ಟಲೆ ವರ್ಣಿಸಿ ಪಾಠ ಹೇಳಿದ್ದ ನನಗೆ ನನ್ನ ಸ್ವಂತ ಭುಜಗಳ ಅವಸ್ಥೆ ಅಂದಿನವರೆಗೆ ಗೊತ್ತಿರಲಿಲ್ಲ.

ಗಿಡ್ಡ ದೇಹ, ಚುರುಕು ನಡಿಗೆ, ತುರುಬಿನಲ್ಲಿ ಹೂವಿನ ಬದಲು ಎರಡು ಹೆಣಿಗೆಯ ಕಡ್ಡಿ, ಸೊಂಟಕ್ಕೆ ಕಟ್ಟಿದ ಬಟ್ಟೆಚೀಲದೊಳಗೆ ಉರುಳಾಡುವ ನೂಲಿನ ಉಂಡೆ. ನಡೆಯುತ್ತ ಹೆಣೆಯುತ್ತಿದ್ದರು, ಬಸ್ಸಿಗೆ ಕಾಯುತ್ತ ಹೆಣೆಯುತ್ತಿದ್ದರು, ಅನ್ನ ಬೇಯುವ ತನಕ ಒಲೆಯ ಮುಂದೆ ಕೂತು ಹೆಣೆಯುತ್ತಿದ್ದರು. ಯಾವ ಮಾತನ್ನಾದರೂ "ಅದು ಉಂಟಲ್ಲಾ" ಎಂದೇ ಆರಂಭಿಸುತ್ತಿದ್ದರು. ಅದು ಯಾವುದು, ಎಲ್ಲಿ ಉಂಟು ಎಂದು ಕೇಳುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ.

ಅಲ್ಲ, ಮೂಡುಬಿದಿರೆಯಂಥ ಊರಿನಲ್ಲಿ ಉಲ್ಲನ್ ನೂಲಿನ ಅಂಗಡಿ ಇಡುವುದೆಂದರೆ ಏನು ಸಾಮಾನ್ಯ ಸಾಹಸವೇ! ವರ್ಷದ ಅರ್ಧಭಾಗ ಬೆವರು, ಉಳಿದ ಅರ್ಧ ಮಳೆ. ಪಕ್ಕದಲ್ಲಿ ಕೊಡೆ ರಿಪೇರಿ ಮಾಡುತ್ತಿದ್ದ ಹಾಜಬ್ಬ ದಿನಕ್ಕೊಮ್ಮೆಯಾದರೂ ಛೇಡಿಸದೆ ಬಿಡುತ್ತಿರಲಿಲ್ಲ. "ನಾನು ಬೇಕಾದರೆ ಕಪ್ಪೆಗೂ ಕೊಡೆ ಮಾರಿಯೇನು ಸೇಸಮ್ಮಕ್ಕ, ನಿಮ್ಮ ಕಂಬಳಿನೂಲು ಯಾರಿಗೆ?" ಎಂದರೆ, "ಕಪ್ಪೆಗೆ ಶೀತ ಆಗುವುದಿಲ್ವಾ? ಕಳಿಸಿ ಈಚೆ" ಎಂದು ಇವರು ಕಡ್ಡಿ ನಿಲ್ಲಿಸದೆಯೇ ಉತ್ತರ ಕೊಡುತ್ತಿದ್ದರು. ಆದರೂ ವ್ಯಾಪಾರ ನಡೆಯುತ್ತಿತ್ತು. ಬಾಣಂತಿಯರ ಮನೆಗೆ ಟೊಪ್ಪಿ ಬೇಕು, ದಮ್ಮಿನ ಮುದುಕರಿಗೆ ಎದೆಗವಚ ಬೇಕು, ಘಟ್ಟದ ತೋಟಗಳಿಗೆ ಲೆಕ್ಕ ಬರೆಯುವ ರೈಟರ್ ಕೆಲಸಕ್ಕೆ ಹೋಗುವವರಿಗೆ ಸ್ವೆಟರ್ ಬೇಕು. ಆಟಿ ತಿಂಗಳ ಜಡಿಮಳೆಯಲ್ಲಿ ಮಾತ್ರ ಅವರು ನೂಲನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸದೆ ತಕ್ಕಡಿಗೆ ಹಾಕುತ್ತಿರಲಿಲ್ಲ. ಉಲ್ಲನ್ ಗಾಳಿಯ ನೀರನ್ನೆಲ್ಲ ಕುಡಿದು ಭಾರವಾಗುತ್ತದೆ, ನೀರನ್ನು ತೂಗಿ ಮಾರಬಾರದು ಎಂಬುದು ಅವರ ಧರ್ಮಶಾಸ್ತ್ರ. ಇದರಿಂದಾಗಿ ಊರಿನ ಎಳೆಯ ಕೂಸುಗಳೆಲ್ಲ ಮಳೆಗಾಲದಲ್ಲಿ ಹೊಗೆಯ ವಾಸನೆಯ ಟೊಪ್ಪಿ ಹಾಕಿಕೊಂಡಿರುತ್ತಿದ್ದವು.

ಅವರು ಬೆಳ್ತಂಗಡಿ ಕಡೆಯವರು. ಗಂಡ ಹುಕ್ರಪ್ಪ ಊಟಿಯ ಹೋಟೆಲೊಂದರಲ್ಲಿ ಅಡುಗೆಯವರಾಗಿದ್ದರು. ಹೆಣಿಗೆ ಕಲಿಸಿದವಳು ಅಲ್ಲಿಯ ನೆರೆಮನೆಯ ನರ್ಸು. ಮೊದಲ ಸ್ವೆಟರನ್ನು ಗಂಡನಿಗೆಂದೇ ಹೆಣೆಯತೊಡಗಿದ್ದರು. ಮೈ ಮುಗಿದು ತೋಳು ಹಾಕುವಷ್ಟರಲ್ಲಿ ಹುಕ್ರಪ್ಪನವರು ಎದೆಶೀತಕ್ಕೆ ತುತ್ತಾಗಿ ತೀರಿಕೊಂಡರು. ಈ ವಿಷಯವನ್ನು ಸೇಸಮ್ಮ ನನ್ನ ಹೆಂಡತಿಗೆ ಹೇಳಿದ್ದು, ಅವಳು ನನಗೆ ಹೇಳಿದ್ದು. "ಹೆಣೆಯುವಾಗ ಮನಸ್ಸು ಹೇಳಿದಲ್ಲಿ ಕೂತಿರ್ತದೆ ಮಾರಾಯ್ತಿ, ಇಲ್ಲದಿದ್ದರೆ ಅದು ಊಟಿಗೇ ಹೋಗ್ತದೆ" ಎಂದಿದ್ದರಂತೆ. ಅದನ್ನು ಕೇಳಿದ ಮೇಲೆ ಆ ಕಡ್ಡಿಗಳ ಕಟಕಟವನ್ನು ಗೇಲಿ ಮಾಡಲು ನನ್ನ ನಾಲಗೆ ಏಳಲಿಲ್ಲ.

ಅರುವತ್ತೆರಡರ ಚೀನಾ ಯುದ್ಧದ ಸಮಯ. ಹಿಮಾಲಯದಲ್ಲಿರುವ ಜವಾನರಿಗೆ ಸ್ವೆಟರ್ ಹೆಣೆದು ಕಳುಹಿಸಬೇಕೆಂದು ನಮ್ಮ ಮಹಿಳಾ ಸಮಾಜ ತೀರ್ಮಾನಿಸಿತು. ಸಮಾಜದ ಅಧ್ಯಕ್ಷೆ ಪ್ರೇಮಾವತಿಯವರು ಶಿರ್ತಾಡಿ ಕಡೆಯ ದೊಡ್ಡ ಜಮೀನಿನ ಮನೆತನದವರು. ಸೇಸಮ್ಮನವರ ಅಂಗಡಿಯೂ, ಅದರ ಮೇಲಿನ ನನ್ನ ಕೋಣೆಯೂ ಅವರ ಕಟ್ಟಡದಲ್ಲಿಯೇ ಇದ್ದವು. ಹೆಂಗಸರೆಲ್ಲ ಸೇಸಮ್ಮನವರಿಂದ ಹಸಿರು ನೂಲು ಒಯ್ದು, ಅವರೇ ಹಿಂದೆ ಕಲಿಸಿದ್ದ ಹೆಣಿಗೆಯಲ್ಲಿ, ತಮ್ಮ ತಮ್ಮ ಮನೆಯಲ್ಲಿ ಕೂತು ಹಾಕಿದರು. ಕದನ ನಿಂತರೂ ಜವಾನರು ಇನ್ನೂ ಹಿಮದಲ್ಲೇ ಇದ್ದ ಡಿಸೆಂಬರಿನ ಒಂದು ಮಧ್ಯಾಹ್ನ ಎಲ್ಲವನ್ನೂ ತಂದು ಅಂಗಡಿಯ ಚಾಪೆಯ ಮೇಲೆ ಹರಡಿದರು. ಮರುದಿನ ಮಂಗಳೂರಿನಿಂದ ಲಾರಿ ಹೊರಡುವುದಿತ್ತು. ಗಂಟಿನ ಮೇಲೆ ಚಂದದ ಅಕ್ಷರದಲ್ಲಿ ಸಮಾಜದ ಹೆಸರು ಬರೆಯಲು ನನ್ನನ್ನು ಕರೆದಿದ್ದರು.

ಎಂಥ ಸ್ವೆಟರುಗಳವು! ಒಂದರಲ್ಲಿ ಎಲೆ, ಒಂದರಲ್ಲಿ ಬಳ್ಳಿ, ಪ್ರೇಮಾವತಿಯವರದರಲ್ಲಂತೂ ಎದೆಯ ತುಂಬ ಅರಳಿದ ತಾವರೆ. ಸೇಸಮ್ಮ ಆ ತಾವರೆಯ ಸ್ವೆಟರನ್ನು ಎತ್ತಿ ಬಾಗಿಲ ಬೆಳಕಿಗೆ ಹಿಡಿದರು. ಹಿಡಿದವರು ಹಾಗೆಯೇ ನಿಂತರು. ದಳದಳದ ಸಂದಿನಿಂದ ಹಾಜಬ್ಬನೂ ಅವನ ಮುರುಕು ಕೊಡೆಗಳೂ ಸ್ಪಷ್ಟವಾಗಿ ಕಾಣುತ್ತಿದ್ದವು. ಇನ್ನೊಂದನ್ನು ಎತ್ತಿದರು, ಮತ್ತೊಂದನ್ನು ಎತ್ತಿದರು, ಕೊನೆಗೆ ತಾವೇ ಹಾಕಿದ್ದನ್ನು ಎತ್ತಿದರು. ಅದರಲ್ಲಿಯೂ ತೂತುಗಳೇ.

"ಅಯ್ಯೋ ದೇವರೇ" ಎಂದು ಅವರು ಕೂತುಬಿಟ್ಟರು. "ಇದೆಲ್ಲ ಬಿಚ್ಚಿ ಮತ್ತೆ ಹಾಕುವ ಅಕ್ಕ."

"ಎಂಥದು? ಬಿಚ್ಚುವುದಾ?" ಪ್ರೇಮಾವತಿಯವರು ನಕ್ಕರು. "ನಾಳೆ ಲಾರಿ ಉಂಟು. ತಮಾಷೆ ಸಾಕು."

"ಅದು ಉಂಟಲ್ಲಾ, ಇದರೊಳಗೆ ಗಾಳಿ ಹೋಗ್ತದೆ. ಅಲ್ಲಿಯ ಗಾಳಿ ಇಲ್ಲಿಯದ್ದಲ್ಲ ಅಕ್ಕ. ತಪ್ಪು ನಿಮ್ಮದಲ್ಲ, ನನ್ನದು. ಇಲ್ಲಿಯ ಮಕ್ಕಳು ಬೆವರಬಾರದು ಅಂತ ನಾನು ಇಷ್ಟು ವರ್ಷ ತೂತಿನ ಹೆಣಿಗೆಯನ್ನೇ ಕಲಿಸಿದ್ದು. ನನ್ನ ಕೈಯೂ ಅದನ್ನೇ ಹಾಕಿದೆ ನೋಡಿ. ಚಳಿಯಲ್ಲಿ ಗಂಡನನ್ನು ಕಳಕೊಂಡವಳು ನಾನು. ನಾನೇ ಚಳಿ ಮರೆತೆ."

ಪ್ರೇಮಾವತಿಯವರ ಮುಖ ಕೆಂಪಾಯಿತು. ಅವರು ಕೆಟ್ಟವರಲ್ಲ. ಆದರೆ ಆ ತಾವರೆಗಾಗಿ ಕಣ್ಣು ನೋಯಿಸಿಕೊಂಡಿದ್ದರು, ಮೇಲಾಗಿ ಊರಿನ ಹತ್ತು ಮಂದಿ ಹೆಂಗಸರೆದುರು ತಮ್ಮ ಕೆಲಸವನ್ನು ಬಿಚ್ಚಬೇಕೆಂದು ಹೇಳಿಸಿಕೊಂಡ ಅಭ್ಯಾಸ ಅವರಿಗಿರಲಿಲ್ಲ. "ಬಿಚ್ಚಲಿಕ್ಕೆ ನಾನು ಕೊಡುವುದಿಲ್ಲ. ನಿಮಗೆ ಅಷ್ಟು ದೊಡ್ಡ ಮನಸ್ಸಾದರೆ ಬೇರೆ ಕಡೆ ಅಂಗಡಿ ನೋಡಿಕೊಳ್ಳಿ" ಎಂದು ತಾವರೆಯ ಸ್ವೆಟರನ್ನು ಮಡಚಿಕೊಂಡು ಎದ್ದು ಹೋದರು. ಆ ಅಂಗಡಿಕೋಣೆ ಬಿಟ್ಟರೆ ಸೇಸಮ್ಮನವರಿಗೆ ಈ ಪ್ರಪಂಚದಲ್ಲಿ ಇನ್ನೊಂದು ನೆಲೆ ಇರಲಿಲ್ಲ.

"ಸೇಸಮ್ಮ, ಹೇಗಿದ್ದರೂ ಉಲ್ಲನ್ ತಾನೆ, ಕಳಿಸಿಬಿಡುವ" ಎಂದೆ. ಅವರು ನನ್ನ ಹೆಗಲನ್ನು ನೋಡಲಿಲ್ಲ, ಮುಖವನ್ನೇ ನೋಡಿದರು. ಆಮೇಲೆ ತಮ್ಮ ಸ್ವೆಟರಿನ ಅಂಚಿನ ಗಂಟು ಹುಡುಕಿ ಎಳೆದರು. ಸರಸರನೆ ಎಲೆಗಳೂ ಬಳ್ಳಿಗಳೂ ಹೋಗಿ ಮಡಿಲ ತುಂಬ ಗುಂಗುರು ನೂಲು ಬಿತ್ತು. ಸ್ವಲ್ಪ ಹೊತ್ತಿಗೆ ಮೂಲೆಯಲ್ಲಿದ್ದ ಮುದುಕಿ ಪೂವಮ್ಮ, "ನನ್ನದನ್ನೂ ತಗೊಳ್ಳಿ, ನನಗೆ ಬಿಚ್ಚಲಿಕ್ಕೆ ಕೈ ಬರುವುದಿಲ್ಲ" ಎಂದು ಅಳುತ್ತಲೇ ಚಾಚಿದಳು. ಉಳಿದವರು ತಮ್ಮ ತಮ್ಮ ಸ್ವೆಟರು ಮಡಚಿಕೊಂಡು ಮನೆಗೆ ಹೋದರು.

ಮರುದಿನ ಬೆಳಿಗ್ಗೆ, ಅಂಗಡಿಯ ಹಲಗೆ ತೆಗೆಯುವಷ್ಟರಲ್ಲಿ, ಪ್ರೇಮಾವತಿಯವರು ಬಂದರು. ಸೀರೆಯ ಮೇಲೆ ಆ ಗಂಡಸರ ಅಳತೆಯ ತಾವರೆಯ ಸ್ವೆಟರು, ಒದ್ದೆ ತಲೆ, ಮೂಗಿನಲ್ಲಿ ನೀರು. ಬೀಗ ಹಾಕಿಸಲು ಬಂದರೆಂದೇ ನಾನು ಮಹಡಿಯಿಂದ ಓಡಿ ಇಳಿದೆ.

"ನಸುಕಿಗೆ ತಣ್ಣೀರು ಮಿಂದು, ಇದನ್ನು ಹಾಕಿಕೊಂಡು ಗದ್ದೆಯ ಕಟ್ಟೆಯ ಮೇಲೆ ನಿಂತೆ" ಎಂದರು ಅವರು, ಯಾರನ್ನೂ ನೋಡದೆ. "ಇಲ್ಲಿಯ ಚಳಿಯೇ ಒಳಗೆ ಬಂತು ಮಾರಾಯ್ತಿ. ಕಡ್ಡಿ ಕೊಡಿ. ಒತ್ತಾಗಿ ಹೇಗೆ ಹಾಕುವುದು, ತೋರಿಸಿ."

ಲಾರಿ ತಪ್ಪಿತು. ಬಿಚ್ಚಿದ ನೂಲನ್ನು ತೊಳೆದು, ಸುಕ್ಕು ಬಿಡಿಸಲು ಕಲ್ಲು ಕಟ್ಟಿ, ಹಾಜಬ್ಬನ ಜಗಲಿಯಲ್ಲಿ ಕೊಡೆಗಳ ನಡುವೆ ತೂಗುಹಾಕಿದರು. ಹೆಂಗಸರು ಒಬ್ಬೊಬ್ಬರಾಗಿ ಮರಳಿ ಬಂದರು. ಎಲೆಯಿಲ್ಲದ, ಬಳ್ಳಿಯಿಲ್ಲದ, ಗೋಣಿತಾಟಿನಷ್ಟು ದಪ್ಪದ ಕುರೂಪಿ ಸ್ವೆಟರುಗಳನ್ನು ಹಾಜಬ್ಬನೇ ಬಸ್ಸಿನಲ್ಲಿ ಒಯ್ದು ಮುಂದಿನ ಲಾರಿಗೆ ಮುಟ್ಟಿಸಿ ಬಂದ.

ಅವು ಯಾರಿಗೆ ಸೇರಿದವೋ ನಮಗೆ ತಿಳಿಯಲೇ ಇಲ್ಲ. ಕೆಲವು ವರ್ಷಗಳ ಮೇಲೆ ನಾನು ಕೇಳಿದೆ, "ಅಷ್ಟೆಲ್ಲ ಮಾಡಿದಿರಿ, ಅಲ್ಲಿಂದ ಒಂದು ಒಳ್ಳೆಯ ಮಾತಾದರೂ ಬಂತಾ ಸೇಸಮ್ಮ?" ಅವರಿಗೆ ನನ್ನ ಪ್ರಶ್ನೆ ಅರ್ಥವಾಗಲು ಸ್ವಲ್ಪ ಹೊತ್ತೇ ಹಿಡಿಯಿತು.

"ಅದು ಉಂಟಲ್ಲಾ ಮಾಷ್ಟ್ರೇ, ಬೆಚ್ಚಗಿದ್ದವನಿಗೆ ಸ್ವೆಟರಿನ ನೆನಪು ಬರ್ತದಾ? ಬಂದರೆ ಅವನಿಗೆ ಚಳಿ ಆಗ್ತಾ ಉಂಟು ಅಂತ."

ತಮ್ಮ ತಪ್ಪನ್ನು ತಿದ್ದಿಕೊಳ್ಳುವ ಸಜ್ಜನರನ್ನು ನಾನು ಬೇಕಾದಷ್ಟು ಕಂಡಿದ್ದೇನೆ, ಯಾಕೆಂದರೆ ತಪ್ಪನ್ನು ಲೋಕವೇ ಬೆರಳಿಟ್ಟು ತೋರಿಸಿಕೊಡುತ್ತದೆ. ಊರೆಲ್ಲ ಚಂದವೆಂದು ಕೊಂಡಾಡುತ್ತಿರುವುದನ್ನು, ಎಂದೂ ಕಾಣದ ಒಬ್ಬನಿಗೆ ಚಳಿಯಾದೀತೆಂದು, ತಮ್ಮ ನೆಲೆಯನ್ನೇ ಪಣಕ್ಕಿಟ್ಟು, ತಮ್ಮ ಕೈಯಿಂದಲೇ ಬಿಚ್ಚಿಹಾಕುವವರು ಬೇರೊಂದು ಜಾತಿಯ ಜನ. ಅಂಥವರಿಂದ ಬೆಚ್ಚಗಿರುವ ನಮಗೆ ಅವರ ನೆನಪು ಬರುವುದೇ ಇಲ್ಲ.