ಬಲಗಡೆಯ ತೂತು

ನುಜತ್‌ಗೆ ತನ್ನ ತಪ್ಪು ಗೊತ್ತಾದದ್ದು ಒಂದು ಗಾಜಿನ ಕಣ್ಣಿನಿಂದ.

ಅದು 1999ರ ಮಾರ್ಚ್. ಅವಳು ಕೆಲಸಕ್ಕಿದ್ದ ದಾವಣಗೆರೆಯ ಸ್ಕ್ಯಾನಿಂಗ್ ಸೆಂಟರಿನಲ್ಲಿ ಫಿಲಂ ತೆಗೆಯುವ ಯಂತ್ರ ಕೆಟ್ಟು ಎರಡು ದಿನವಾಗಿತ್ತು. ನುಜತ್ ಮೆದುಳಿನ ಚಿತ್ರಗಳನ್ನು ಕಂಪ್ಯೂಟರಿಗೆ ಹಾಕಿ ಕಾಗದದ ಮೇಲೆ ಪ್ರಿಂಟ್ ತೆಗೆದು ಕೊಡುತ್ತಿದ್ದಳು. ಅದರಲ್ಲಿದ್ದದ್ದು ವಿದೇಶದ ಸಂಶೋಧಕರು ಸೋರ್ಸ್ ಕೋಡ್ ಸಮೇತ ಪುಕ್ಕಟೆ ಹಂಚಿದ್ದ ತಂತ್ರಾಂಶ. ಹೆಪ್ಪುಗಟ್ಟಿದ ರಕ್ತ ಎಷ್ಟು ಮಿಲಿಲೀಟರ್ ಎಂಬುದನ್ನೂ ಅಳೆದು ಕೊಡುತ್ತಿತ್ತು. ತೊಡಕು ಒಂದೇ. ಆಸ್ಪತ್ರೆಯ ಫಿಲಂನಲ್ಲಿ ರೋಗಿಯ ಎಡಭಾಗ ಚಿತ್ರದ ಬಲಕ್ಕೆ ಬರುತ್ತದೆ, ಎದುರು ನಿಂತು ನೋಡಿದ ಹಾಗೆ. ಸಂಶೋಧಕರ ರೂಢಿಯಲ್ಲಿ ಎಡ ಎಡಕ್ಕೇ. ನುಜತ್ ಕೋಡಿಗೆ ಒಂದು ಸಾಲು ಸೇರಿಸಿ, ಚಿತ್ರ ಫಿಲಂನಂತೆ ಬರುವ ಹಾಗೆ ಮಾಡಿಕೊಂಡಿದ್ದಳು. ಭಾನುವಾರ ಹೊಸ ಆವೃತ್ತಿ ಇಳಿಸಿ ಹಾಕಿದಾಗ ಆ ಸಾಲು ಹೋಯಿತು. ಅದು ಅವಳಿಗೆ ಹೊಳೆಯಲೇ ಇಲ್ಲ.

ಬುಧವಾರ ಮಧ್ಯಾಹ್ನ ಬಂದ ರೋಗಿಯೊಬ್ಬನ ಎಡಗಣ್ಣು ಗಾಜಿನದು. ಸ್ಕ್ಯಾನ್ ಯಂತ್ರದ ಪರದೆಯಲ್ಲಿ ಅದು ಬಲಕ್ಕಿತ್ತು, ಪ್ರಿಂಟಿನಲ್ಲಿ ಎಡಕ್ಕೆ. ಅವಳು ಕೋಡ್ ತೆರೆದು ನೋಡಿದಳು; ತಾನು ಸೇರಿಸಿದ್ದ ಸಾಲು ಇರಲಿಲ್ಲ. ಬೆಳಿಗ್ಗೆ ಹರಿಹರದ ಬಕ್ಕೇಶಪ್ಪನ ಪ್ರಿಂಟನ್ನು ಅವನ ಹೆಂಡತಿಯ ಕೈಗೆ ಕೊಟ್ಟು ಕಳಿಸಿದ್ದಳು. ಆ ಎರಡು ದಿನದ ಪ್ರಿಂಟುಗಳಲ್ಲಿ ಆಪರೇಷನ್ನಿಗೆ ಹೋದದ್ದು ಅದೊಂದೇ. ಸೈಕಲ್ಲಿನಿಂದ ಬಿದ್ದು ಮೂರು ವಾರವಾಗಿ, ತಲೆಯೊಳಗೆ ಎಡಕ್ಕೆ ರಕ್ತ ಕಟ್ಟಿತ್ತು. ಕೈಕಾಲು ಎರಡೂ ಕಡೆ ಆಡುತ್ತಿದ್ದುದರಿಂದ, ಯಾವ ಕಡೆ ಎಂದು ಹೇಳಲು ಆ ಕಾಗದವೊಂದೇ ಆಧಾರ. ತಲೆಬುರುಡೆಗೆ ತೂತು ಹಾಕಿ ರಕ್ತ ತೆಗೆಯುವ ಆಪರೇಷನ್ ಮೂರಕ್ಕೆ, ಹರಿಹರದ ನರ್ಸಿಂಗ್ ಹೋಮಿನಲ್ಲಿ.

ನರ್ಸಿಂಗ್ ಹೋಮಿನ ಫೋನನ್ನು ಯಾರೂ ಎತ್ತಲಿಲ್ಲ. ನುಜತ್ ಬಸ್ ಹತ್ತಿದಳು. ಹದಿನಾಲ್ಕು ಕಿಲೋಮೀಟರ್ ದಾರಿ. ಮೂರು ಇಪ್ಪತ್ತಕ್ಕೆ ಥಿಯೇಟರಿನ ಬಾಗಿಲು ಬಡಿದಳು.

"ಸರ್, ನಿಲ್ಲಸ್ರಿ! ಪ್ರಿಂಟಿನಾಗೆ ಎಡ-ಬಲ ಅದಲುಬದಲಾಗೈತೆ. ರಕ್ತ ಇರೋದು ಎಡಕ್ಕೆ."

ಸರ್ಜನ್ ವಾಮದೇವಪ್ಪ ಮುಖದ ಬಟ್ಟೆ ಇಳಿಸಿದರು. "ಅದಕ್ಕೇ ಏನೂ ಬರ್ಲಿಲ್ಲ. ಬಲಗಡೆ ತೂತು ಹಾಕಿ ಆತಲ್ಲವ್ವ! ಪುಕ್ಕಟೆ ಸಿಕ್ತು ಅಂತ ಮಂದಿ ತಲಿ ಮ್ಯಾಲೆ ಪ್ರಯೋಗ ಮಾಡ್ತೀಯೇನು?"

"ಪುಕ್ಕಟೇದು ಸರೀನೇ ಐತ್ರಿ ಸರ್. ಪರೀಕ್ಷೆ ಮಾಡದೇ ಕೊಟ್ಟೋಳು ನಾನು."

ಅವರು ಒಳಗೆ ಹೋದರು. ಎಡಗಡೆ ಕೊರೆದಾಗ ಕಪ್ಪು ರಕ್ತ ಹೊರಬಂತು. ಐದಕ್ಕೆ ಬಕ್ಕೇಶಪ್ಪ ಕಣ್ಣು ಬಿಟ್ಟ. ವಾಮದೇವಪ್ಪ ಕೈ ಒರೆಸಿಕೊಳ್ಳುತ್ತ ಅವಳ ಹತ್ತಿರ ಬಂದರು. "ಎರಡೂ ಕಡೆ ನೋಡಬೇಕಿತ್ತು ಅಂತ ಮನೆಯೋರಿಗೆ ಹೇಳೀನಿ. ನೀನು ಬಾಯಿ ಬಿಡಬ್ಯಾಡ. ನಿಂಗೂ ಒಳ್ಳೇದು, ನಂಗೂ."

ವಾರ್ಡಿನ ಹೊರಗೆ ಬಕ್ಕೇಶಪ್ಪನ ಹೆಂಡತಿ ಶಕುಂತಲಮ್ಮ ಮಂಡಕ್ಕಿ ಪೊಟ್ಟಣ ಬಿಚ್ಚಿಕೊಂಡು ಕೂತಿದ್ದರು. ಬೆಳಗಿನಿಂದ ಅದೇ ಮೊದಲ ತುತ್ತು.

"ಬಾ ತಂಗಿ. ಎರಡೂ ಕಡೆ ನೋಡ್ಯಾರಂತೆ, ಒಳ್ಳೇ ಡಾಕ್ಟ್ರು. ನೀನೂ ಅಷ್ಟು ದೂರದಿಂದ ನೋಡಾಕ ಬಂದೀಯ. ಕೂಡ್ರು, ತಿನ್ನು."

ನುಜತ್ ಕೂಡಲಿಲ್ಲ. "ಬಲಗಡೆ ತೂತು ಬೇಕಿರ್ಲಿಲ್ಲಮ್ಮ. ನಾ ಕೊಟ್ಟ ಕಾಗದ ತಪ್ಪಾಗಿತ್ತು."

ಶಕುಂತಲಮ್ಮ ಅವಳ ಮುಖವನ್ನೇ ನೋಡಿದರು. "ಅಲ್ಲಿ ಏನೂ ಇರ್ಲಿಲ್ಲೇನು?"

"ಇರ್ಲಿಲ್ಲ."

"ಡಾಕ್ಟ್ರಿಗೆ ಗೊತ್ತೈತಾ?"

"ಗೊತ್ತೈತೆ."

ಶಕುಂತಲಮ್ಮ ಪೊಟ್ಟಣ ಮಡಿಚಿ ಬೆಂಚಿನ ಮೇಲಿಟ್ಟು ಎದ್ದರು. "ನಡಿ. ಈಗ ನಂಗೆ ಹೇಳಿದ್ದನ್ನ ಅವರ ಮುಂದೆ ಹೇಳು."

ಡಾಕ್ಟರ ಕೋಣೆಯ ಕಡೆಗೆ ಅವರು ಮುಂದೆ ಹೊರಟರು. ನುಜತ್ ಹಿಂದೆ ನಡೆದಳು.