ವಿಭೂತಿ ಹಚ್ಚಿಸಿಕೊಂಡ ಇಟ್ಟಿಗೆ

ನಾನು ಒಂದು ಇಟ್ಟಿಗೆ. ಇಟ್ಟಿಗೆ ಎಂದ ಕೂಡಲೇ ನಿಮಗೆ ಗೋಡೆ ನೆನಪಾಗುತ್ತದೆ. ನಾನು ಯಾವ ಗೋಡೆಯನ್ನೂ ಹೊತ್ತಿಲ್ಲ. ನನ್ನ ಮೈತುಂಬ ಸಣ್ಣ ಸಣ್ಣ ಚೌಕದ ತೂತುಗಳು, ಈ ತುದಿಯಿಂದ ಆ ತುದಿಯವರೆಗೆ. ಕಣ್ಣಿಟ್ಟು ನೋಡಿದರೆ ಆಚೆಯ ಬೆಳಕು ಕಾಣುತ್ತದೆ. ಇಷ್ಟು ತೂತಿದ್ದವರನ್ನು ಯಾರೂ ಮನೆ ಕಟ್ಟಲು ಕರೆಯುವುದಿಲ್ಲ. ನನ್ನ ಕೆಲಸವೇ ಬೇರೆ, ಅದನ್ನು ಹೇಳಲೆಂದೇ ಈಗ ಬಾಯಿ ತೆರೆದಿದ್ದೇನೆ.

ನಾನು ಹುಟ್ಟಿದ್ದು ತುಮಕೂರಿನ ಹತ್ತಿರದ ಒಂದು ಚಿಕ್ಕ ಕಾರ್ಖಾನೆಯಲ್ಲಿ. ಬಿಳಿ ಪುಡಿಯನ್ನೂ ಮ್ಯಾಂಗನೀಸಿನ ಕಪ್ಪು ಪುಡಿಯನ್ನೂ ನೀರು ಹಾಕಿ ಕಲಸಿ, ಹಿಟ್ಟಿನ ಹದಕ್ಕೆ ತಂದು, ಚಕ್ಕುಲಿ ಒರಳಿನಂಥ ಯಂತ್ರದಲ್ಲಿ ಒತ್ತಿದರು. ಕತ್ತರಿಸಿ ನೆರಳಿನಲ್ಲಿಟ್ಟರು. ಅಲ್ಲೊಬ್ಬ ಹೆಂಗಸು ದಿನವೂ ಬಂದು ನಮ್ಮನ್ನು ಒಂದೊಂದಾಗಿ ಮಗ್ಗುಲು ಬದಲಿಸುತ್ತಿದ್ದಳು. ಅವಸರದಲ್ಲಿ ಒಣಗಿದರೆ ಬಿರುಕು ಬಿಡುತ್ತೇವೆಂದು ಅವಳಿಗೆ ಗೊತ್ತಿತ್ತು. ಅವಳ ಹೆಸರು ನನಗೆ ತಿಳಿಯದು, ಅಂಗೈ ಮಾತ್ರ ನೆನಪಿದೆ. ಆಮೇಲೆ ಭಟ್ಟಿಯಲ್ಲಿ ಸುಟ್ಟು ಗಟ್ಟಿ ಮಾಡಿದರು.

ನನ್ನನ್ನು ಕೊಳ್ಳಲು ಹುಬ್ಬಳ್ಳಿಯಿಂದ ಬಂದವರು ನಾಗರತ್ನಾ ಹಂಚಿನಮನಿ ಎಂಬ ಇಂಜಿನಿಯರು. ಅವರ ಕಾರ್ಖಾನೆಯಲ್ಲಿ ಸ್ಟೀಲಿನ ಪೈಪುಗಳನ್ನು ಆಮ್ಲದ ತೊಟ್ಟಿಯಲ್ಲಿ ಅದ್ದಿ ಹೊಳಪು ಬರಿಸುತ್ತಿದ್ದರು. ಅದ್ದಿದಾಗೆಲ್ಲ ಕಂದು ಬಣ್ಣದ ಹೊಗೆ ಏಳುತ್ತಿತ್ತು. ಅದು ಸಾರಜನಕದ ಆಕ್ಸೈಡು, ಎದೆಗೆ ಹೊಕ್ಕರೆ ಉಸಿರು ಕಟ್ಟಿಸುವಂಥದ್ದು. ಅದನ್ನು ತೆಗೆಯುವುದೇ ನನ್ನ ಕೆಲಸ. ಆ ಕೆಲಸಕ್ಕೆ ಬೇರೆ ಬಗೆಯ ಇಟ್ಟಿಗೆಗಳೂ ಇವೆ. ಆದರೆ ಅವಕ್ಕೆ ಬೆಂಕಿಯಷ್ಟು ಬಿಸಿಯಾದ ಹೊಗೆಯೇ ಬೇಕು. ಇಲ್ಲಿನ ಹೊಗೆಗೆ ಅಷ್ಟು ಬಿಸಿ ಇರಲಿಲ್ಲ. ಸ್ವಲ್ಪ ಕಾಯಿಸಿಕೊಟ್ಟರೆ ಸಾಕು, ಕೆಲಸ ಮಾಡುತ್ತೇವೆ ಎನ್ನುವ ಜಾತಿ ನಮ್ಮದು. ಹೀಗೆ ಹೇಳಿಕೊಳ್ಳುವಾಗ ನನಗೆ ಸ್ವಲ್ಪ ಜಂಬ ಬರುತ್ತದೆ, ಕ್ಷಮಿಸಿ.

ಹುಬ್ಬಳ್ಳಿಗೆ ಬಂದ ಮೇಲೆ ನಮ್ಮನ್ನು ಚಿಮಣಿಯ ಪಕ್ಕ, ಎತ್ತರದ ಕಬ್ಬಿಣದ ಪೆಟ್ಟಿಗೆಯೊಳಗೆ ಸಾಲಾಗಿ ಜೋಡಿಸಿದರು. ನಾನು ಮುಂದಿನ ಸಾಲಿನವನು. ಜೋಡಿಸಿದಾತ ತೊಟ್ಟಿಯ ಮೇಸ್ತ್ರಿ ದುಂಡಪ್ಪ. ಅವನ ಕಷ್ಟ ನನಗೆ ತಿಳಿದದ್ದು ಅವನು ತನ್ನಷ್ಟಕ್ಕೆ ಆಡಿಕೊಳ್ಳುತ್ತಿದ್ದ ಮಾತಿನಿಂದ. ಕಾರ್ಖಾನೆಯ ಗೋಡೆಯ ಆಚೆಗೇ ಅವನ ಅಕ್ಕ ಫಕೀರವ್ವನ ರೊಟ್ಟಿ ಕೇಂದ್ರವಿತ್ತು. ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಿದ್ದಳು. ಕಂದು ಹೊಗೆ ಗೋಡೆ ದಾಟಿ ಅವಳ ಎದೆಗೇ ಇಳಿಯುತ್ತಿತ್ತು. ಅವಳಿಗೆ ದಮ್ಮು ಹಿಡಿದಿತ್ತು. ಆ ಜಾಗ ಬಿಡಲೇಬೇಕೆಂದು ಡಾಕ್ಟರು ಹೇಳಿದ್ದರು. ಒಲೆಗಳನ್ನೂ ಅಷ್ಟು ಹೆಂಗಸರನ್ನೂ ಎಲ್ಲಿಗೆ ಒಯ್ಯಲಿ ಎಂದು ಅವಳು ದಿನ ದೂಡುತ್ತಿದ್ದಳು. ಇತ್ತ ತಮ್ಮ ಪೈಪು ಅದ್ದಿದರೆ ಅತ್ತ ಅಕ್ಕ ಕೆಮ್ಮುತ್ತಿದ್ದಳು. ಕಡೆಯ ಪ್ರಯತ್ನವೆಂದು ನಮ್ಮನ್ನು ತರಿಸಿದ್ದರು.

ನಮ್ಮನ್ನು ಚಾಲೂ ಮಾಡುವ ಮೊದಲು ಆಯುಧ ಪೂಜೆ ಬಂತು. ಲಾರಿಗೆ ಮಾಲೆ, ತೊಟ್ಟಿಗೆ ಕುಂಕುಮ, ಬಾಗಿಲಿಗೆ ಮಾವಿನೆಲೆ. ಫಕೀರವ್ವನೂ ಬಂದಳು. ಹೊಸ ಮಷಿನ್ನಿಗೆ ತನ್ನ ಕೈಯಾರೆ ವಿಭೂತಿ ಹಚ್ಚಬೇಕೆಂದು ಅವಳಿಗೆ ಆಸೆ. ಕಬ್ಬಿಣದ ಮೆಟ್ಟಿಲು ನಾಲ್ಕಾರು ಹತ್ತುವಷ್ಟರಲ್ಲಿ ಕಟಕಟೆ ಹಿಡಿದು ನಿಂತುಬಿಟ್ಟಳು. ಅವಳ ಉಸಿರಿನ ಸದ್ದು ಮೇಲಿದ್ದ ನನಗೂ ಕೇಳುತ್ತಿತ್ತು.

"ಆಗೂದಿಲ್ಲೋ ತಮ್ಮಾ, ನೀನ ಹಚ್ಚಿ ಬಾ," ಎಂದು ವಿಭೂತಿ ಕಲಸಿದ ಬಟ್ಟಲನ್ನು ಕೊಟ್ಟಳು.

ದುಂಡಪ್ಪ ಪೆಟ್ಟಿಗೆಯ ಬಾಗಿಲು ತೆಗೆದು, ಮುಂದಿನ ಸಾಲಿನ ಎಲ್ಲರ ಮುಖಕ್ಕೂ ಮೂರು ಬೆರಳಿನಿಂದ ಗಟ್ಟಿಯಾಗಿ ಬಳಿದ. ಬಟ್ಟಲಲ್ಲಿ ಇನ್ನೂ ನೀರುಳಿದಿತ್ತು. ವಿಭೂತಿಯ ನೀರನ್ನು ಕಾಲು ತುಳಿಯುವಲ್ಲಿ ಚೆಲ್ಲುವಂತಿಲ್ಲ. ಗಿಡದ ಬುಡಕ್ಕೆ ಹಾಕೋಣವೆಂದರೆ ಆ ಎತ್ತರದಲ್ಲಿ ಗಿಡವೆಲ್ಲಿ? ಅವನು ಭಕ್ತಿಯಿಂದ ಅಷ್ಟನ್ನೂ ನಮ್ಮ ತೂತುಗಳಿಗೇ ಎರೆದ. ನನ್ನ ಜೀವಮಾನದಲ್ಲಿ ನನಗೆ ಸಿಕ್ಕ ಮೊದಲ ಪೂಜೆ ಅದು, ಖುಷಿಯಿಂದಲೇ ಕುಡಿದೆ.

ಹಬ್ಬ ಕಳೆದು ಚಾಲೂ ಮಾಡಿದರು. ಹೊಗೆಯ ಜೊತೆ, ಬೇಕೆಂದೇ ಕೂಡಿಸಿ ಬಿಟ್ಟ ಅಮೋನಿಯಾ ಅನಿಲವೂ ಬಂತು. ಎರಡೂ ನನ್ನೊಳಗೆ ಕೂಡಬೇಕು, ಕೂಡಿ ಬರೀ ಸಾರಜನಕವೂ ನೀರಾವಿಯೂ ಆಗಿ ಹೊರಬೀಳಬೇಕು. ನನ್ನ ಕೈಲಾಗಲಿಲ್ಲ. ಮೈಯೆಲ್ಲ ಜೋಮು ಹಿಡಿದಂತಿತ್ತು. ಚಿಮಣಿಯ ಬಾಯಲ್ಲಿ ಮತ್ತೆ ಕಂದು ಬಣ್ಣವೇ ಕಂಡಿತು. ಗೋಡೆಯಾಚೆ ಫಕೀರವ್ವ ಅಂದು ಬಹಳ ಕೆಮ್ಮಿದಳು. ದೀಪಾವಳಿಯ ಹೊತ್ತಿಗೆ ಕೇಂದ್ರ ಮುಚ್ಚುತ್ತೇನೆಂದು ಹೆಂಗಸರಿಗೆ ಹೇಳಿ, ಹಿಟ್ಟು ನಾದುವ ಕೊಣಮಿಗೆ, ಹಂಚುಗಳನ್ನು ಗೋಣಿಚೀಲದಲ್ಲಿ ಕಟ್ಟತೊಡಗಿದಳಂತೆ.

ನಾಗರತ್ನಾ ಮೇಡಂ ಬಾಗಿಲು ತೆಗೆಸಿ ಟಾರ್ಚು ಬಿಟ್ಟು ನೋಡಿದರು. ನನ್ನ ಮುಖದ ಮೇಲಿನ ಬಿಳಿ ಗೆರೆಯನ್ನು ಉಗುರಿನಿಂದ ಕೆರೆದರು.

"ಯಾರು ಹಚ್ಚಿದ್ದು ಇದನ್ನ?"

"ನಾನರೀ ಮೇಡಂ," ಎಂದ ದುಂಡಪ್ಪ. "ಅಕ್ಕ ಕೊಟ್ಟಿದ್ಲರೀ. ಪೂಜಿ ಇಲ್ದ ಹೊಸಾ ಮಷಿನ್ ಹೆಂಗ ಚಾಲೂ ಮಾಡೂದರೀ?"

ಮೇಡಂ ಬೈಯಲಿಲ್ಲ. ಹಬ್ಬದ ದಿನ ಅವರೂ ತಮ್ಮ ಲ್ಯಾಪ್‌ಟಾಪಿಗೆ ಕುಂಕುಮ ಇಟ್ಟಿದ್ದರು.

"ನಾ ಮೊದಲ ಹೇಳಬೇಕಿತ್ತು. ಬೂದಿಯೊಳಗಿನ ಕ್ಷಾರ ಇವುಗಳ ಕೆಲಸಾನ ನಿಲ್ಲಸ್ತದ. ತೊಳದು ನೋಡೋಣು. ಆದ್ರ ನಿಧಾನಕ್ಕ ಒಣಗಬೇಕು, ಒಮ್ಮೆಲೆ ಕಾಯಿಸಿದ್ರ ಸೀಳ್ತಾವ."

ನೀರಿನಲ್ಲಿ ತೊಳೆದು, ತೆಳು ಮಾಡಿದ ಆಮ್ಲದಲ್ಲಿ ಅದ್ದಿ, ಮತ್ತೆ ನೀರಿನಲ್ಲಿ ತೊಳೆದರು. ಎತ್ತುವಾಗ ನನ್ನ ಒಂದು ಮೂಲೆ ಬಾಗಿಲ ಚೌಕಟ್ಟಿಗೆ ತಾಗಿ ಮುರಿಯಿತು. ಹೊರಗೆ ಜಿಟಿಜಿಟಿ ಮಳೆ, ಬಿಸಿಲಿನ ಸುಳಿವಿಲ್ಲ. ಹದವಾದ ಬೆಚ್ಚನೆ ಜಾಗ ಹತ್ತಿರದಲ್ಲಿ ಒಂದೇ ಇತ್ತು, ಫಕೀರವ್ವನ ಒಲೆಗಳ ಹಿಂದಿನ ಸೌದೆ ಕೋಣೆ. ದುಂಡಪ್ಪ ತಲೆ ತಗ್ಗಿಸಿ ಹೋಗಿ ಅಕ್ಕನಿಗೆ ನಡೆದದ್ದನ್ನೆಲ್ಲ ಹೇಳಿದ.

"ಕೆಟ್ಟಿದ್ದು ನನ್ನ ವಿಭೂತಿಯಿಂದ," ಎಂದಳು ಅವಳು. "ಒಣಗೂದು ನನ್ನ ಒಲಿಯಿಂದನ ಆಗಲಿ. ತೊಗೊಂಡು ಬಾ."

ಕಟ್ಟಿಟ್ಟ ಚೀಲ ಬಿಚ್ಚಿ ಮತ್ತೆ ಒಲೆ ಹೊತ್ತಿಸಿದರು. ಆಚೆ ರೊಟ್ಟಿ ಬಡಿಯುವ ಸದ್ದು, ಈಚೆ ಗೋಡೆಗೊರಗಿ ನಾವು. ಆ ದಿನಗಳಲ್ಲಿ ಪೈಪು ಅದ್ದುವುದನ್ನು ನಿಲ್ಲಿಸಿದ್ದರು. ಫಕೀರವ್ವ ಆಗಾಗ ಬಂದು ಸೀರೆಯ ಸೆರಗಿಗೆ ಕೈ ಒರೆಸಿಕೊಂಡು ನಮ್ಮನ್ನು ಮಗ್ಗುಲು ಬದಲಿಸುತ್ತಿದ್ದಳು. ಯಾರೂ ಅವಳಿಗೆ ಅದನ್ನು ಹೇಳಿಕೊಟ್ಟಿರಲಿಲ್ಲ. ತುಮಕೂರಿನ ಆ ಅಂಗೈಯೇ ಮತ್ತೆ ಬಂದಂತೆ ನನಗನಿಸಿತು, ಅಳು ಬರುವ ಜಾತಿಯಾಗಿದ್ದರೆ ಅತ್ತುಬಿಡುತ್ತಿದ್ದೆ.

ಮತ್ತೆ ಜೋಡಿಸಿ ಚಾಲೂ ಮಾಡಿದಾಗ ಮೈಯ ಜೋಮು ಬಿಟ್ಟಿತ್ತು. ಕಂದು ಹೊಗೆ ನನ್ನೊಳಗೆ ಬಂತು, ಅಮೋನಿಯಾ ಬಂತು, ಆಚೆ ಹೋದದ್ದು ಬೆಳ್ಳನೆ ಆವಿ ಮಾತ್ರ. ದುಂಡಪ್ಪ ಅಂಗಳದಲ್ಲಿ ಕುತ್ತಿಗೆ ಎತ್ತಿ ಚಿಮಣಿಯನ್ನೇ ನೋಡುತ್ತ ನಿಂತಿದ್ದ. ಕೇಂದ್ರ ಮುಚ್ಚುವ ಮಾತು ಮುಂದಿನ ದೀಪಾವಳಿಗೆ ಹೋಯಿತು, ಅಲ್ಲಿಂದ ಅದರ ಮುಂದಿನದಕ್ಕೆ. ಆಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ.

ಹೀಗೆ ವರ್ಷಗಟ್ಟಲೆ ದುಡಿದೆ. ಕೊನೆಗೆ ತೂತುಗಳು ಸವೆದವು, ಮೊದಲಿನ ಚುರುಕು ಹೋಯಿತು. ಹೊಸಬರು ಬಂದರು. ಹಳಬರನ್ನೆಲ್ಲ ಪೆಟ್ಟಿಗೆಗಳಲ್ಲಿ ತುಂಬಿ ತುಮಕೂರಿಗೆ ವಾಪಸು ಕಳಿಸಿದರು. ನನ್ನನ್ನು ದುಂಡಪ್ಪ ಪಕ್ಕಕ್ಕೆ ತೆಗೆದಿಟ್ಟ. ಕಬ್ಬಿಣದ ಮೆಟ್ಟಿಲಿನ ತುದಿಯಲ್ಲಿ, ಪೆಟ್ಟಿಗೆಯ ಬಾಗಿಲ ಹೊರಗೆ, ಒಂದು ಹಲಗೆ ಹೊಡೆದು ಕೂರಿಸಿದ. ಒಳಗಿನವರಿಗೆ ಬೂದಿ ತಾಗುವಂತಿಲ್ಲವಲ್ಲ? ಅವರೆಲ್ಲರ ಪಾಲಿನ ಪೂಜೆ ನನಗೆ. ಈಗ ನನಗೆ ಎಷ್ಟು ಬಳಿದರೂ ಕೆಡುವುದೇನಿಲ್ಲ.

ಇಂದು ಮತ್ತೆ ಆಯುಧ ಪೂಜೆ. ಬೆಳಿಗ್ಗೆ ಕೆಳಗೆ ದುಂಡಪ್ಪ, "ಕೊಡಕ್ಕಾ, ನಾನ ಹಚ್ಚತೇನಿ," ಎನ್ನುವುದು ಕೇಳಿತು.

"ನೀ ಸರಿಯೋ," ಎಂದಿತು ಇನ್ನೊಂದು ದನಿ.

ಮೆಟ್ಟಿಲು ಒಂದೊಂದಾಗಿ ಸದ್ದು ಮಾಡಿದವು. ಆ ಸದ್ದು ನಡುವೆ ಎಲ್ಲಿ ನಿಲ್ಲುವುದೋ ಎಂದು ಕಿವಿಗೊಟ್ಟು ಕಾದೆ. ಅದು ನಿಂತದ್ದು ನನ್ನ ಮುಂದೆ. ಫಕೀರವ್ವ ಬಟ್ಟಲಿಗೆ ಮೂರು ಬೆರಳು ಅದ್ದಿ ನನ್ನ ಹಣೆಗೆ ಹಚ್ಚಿದಳು, ಉಳಿದ ನೀರನ್ನು ನನ್ನ ತೂತುಗಳಿಗೇ ಎರೆದಳು. ಆಮೇಲೆ ಬಗ್ಗಿ, ನನ್ನ ಮುರಿದ ಮೂಲೆಗೆ ಅಂಟಿದ್ದ ದೂಳನ್ನು ಉಫ್ ಎಂದು ಒಂದೇ ಉಸಿರಿಗೆ ಊದಿ ಹಾರಿಸಿದಳು.